ಬೆರಳ ತುದಿಯ ಬೈಗುಳ

ನಿದ್ರೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ ಎಂದು ದೀಪಾಂಜಲಿ ನಗರದ ಕಾಲೇಜು ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದರು. ರಕ್ತದೊತ್ತಡ, ಥೈರಾಯ್ಡ್ ಎರಡೂ ಸರಿಯಾಗಿದ್ದವು. ಅವಳ ಫೋಟೋದ ಕೆಳಗೆ ಅಪರಿಚಿತರು ಬರೆದ ಹೊಲಸು ಮಾತುಗಳೇ ಕಾಯಿಲೆಗೆ ಕಾರಣವಾಗಿದ್ದವು. 2025ರ ಜುಲೈಯಲ್ಲಿ ನಟಿ ರಮ್ಯಾ ಇಂಥದೇ ಸಂದೇಶಗಳ ಬಗ್ಗೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟಾಗ ಹಲವರ ಬಂಧನವಾಯಿತು.

ಹೀಗೆ ಬರೆಯುವವರೆಲ್ಲ ಮಾನಸಿಕ ರೋಗಿಗಳೇ? ಅಲ್ಲ. ಹೆಸರು ಮರೆಯಾಗಿ, ಎದುರಿನವರ ಮುಖ ಕಾಣದಿದ್ದಾಗ ಸಾಮಾನ್ಯರ ಸಂಕೋಚವೂ ಸಡಿಲವಾಗುತ್ತದೆಂದು ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ವಿವರಿಸಿದರು. ಟ್ರೋಲ್ ಮಾಡಿ ಆನಂದಿಸುವವರಲ್ಲಿ ಪರಪೀಡನೆಯಿಂದ ಸುಖಪಡುವ ಸ್ವಭಾವ ಹೆಚ್ಚೆಂದು ಕೆನಡಾದ ಸಂಶೋಧಕರು 2014ರಲ್ಲಿ ತೋರಿಸಿದರು. ಅಂಥವರಿಗೆ ನಿಮ್ಮ ಸಿಟ್ಟಿನ ಉತ್ತರವೇ ಬಹುಮಾನ.

ಆದ್ದರಿಂದ ಉತ್ತರಿಸಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ. ಬೆದರಿಕೆಯಿದ್ದರೆ ಪೊಲೀಸರಿಗೆ ದೂರು ಕೊಡಿ. ಮನಸ್ಸು ಕುಗ್ಗಿದ್ದರೆ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ತಂದೆತಾಯಿಯರಿಗೊಂದು ಮಾತು. ನೊಂದ ಮಗಳ ಮೊಬೈಲ್ ಕಸಿದುಕೊಳ್ಳಬೇಡಿ. ತಪ್ಪು ಯಾರದೋ, ಶಿಕ್ಷೆ ಅವಳಿಗೆ ಎಂದಾದರೆ ಮುಂದೆ ಅವಳು ಏನನ್ನೂ ನಿಮಗೆ ಹೇಳುವುದಿಲ್ಲ. ಹಾಗೆಯೇ ಮಗನನ್ನೂ ಒಮ್ಮೆ ಕೇಳಿ: "ನೀನು ಬರೆಯುವುದನ್ನು ಅವರೆದುರು ನಿಂತು ಹೇಳಬಲ್ಲೆಯಾ?"