ಶನಿವಾರದ ಬಸ್ಸು, ಐತವಾರದ ಕೆಲಸ

ಶನಿವಾರ ಮಧ್ಯಾಹ್ನದ ಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ಬಸ್ಸು ತಂಬ್ರಹಳ್ಳಿಯಲ್ಲಿ ನಿಂತರೆ ಜನಕ್ಕಿಂತ ಮೊದಲು ಬ್ಯಾಗುಗಳು ಇಳಿಯುತ್ತವೆ. ಒಗೆಯದ ಬಟ್ಟೆ, ತೊಳೆಯದ ಚಟ್ನಿ ಡಬ್ಬಿ, ಓದುತ್ತೇನೆಂದು ತಂದು ಬಿಚ್ಚದೆಯೇ ಒಯ್ಯುವ ನೋಟ್ಸು. ಹಾಸ್ಟೆಲಿನಿಂದ ಬಂದವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಅವರಲ್ಲಿ ಹುಡುಗಿಯರೇ ಹೆಚ್ಚು.

ಇದಕ್ಕೆ ಕಾರಣ ಕಣ್ಣೆದುರೇ ಇದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೂ ಮೊದಲು ಹಾಸ್ಟೆಲ್ ಹುಡುಗಿ ಊರ ಮುಖ ನೋಡುತ್ತಿದ್ದುದು ಹಬ್ಬಕ್ಕೆ, ಜಾತ್ರೆಗೆ. ಈಗ ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್. ಹೊಸಪೇಟೆ, ಬಳ್ಳಾರಿಯಲ್ಲಿ ಓದುವವರೂ ವಾರವಾರ ಬರಬಹುದು. ಅಣ್ಣತಮ್ಮಂದಿರಿಗೆ ಆ ಭಾಗ್ಯವಿಲ್ಲ. ಹಾಸ್ಟೆಲ್ ಹುಡುಗನ ಹತ್ತಿರ ಪಾಸಿದ್ದರೂ ಅದು ಅಲ್ಲಿಂದ ಕಾಲೇಜಿನವರೆಗಿನ ದಾರಿಗೆ. ಊರಿಗೆ ಬರಲು ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಬಂದವಳಿಗೆ ವಿಶ್ರಾಂತಿಯೇ? ‘ಐತವಾರ ಹೊಲಕ್ಕ ಬಾರವ್ವ, ಆಳು ಸಿಗವಲ್ರು’ ಎಂದು ಅವ್ವ ಫೋನಿನಲ್ಲೇ ಹೇಳಿರುತ್ತಾಳೆ. ಉಳ್ಳಾಗಡ್ಡಿಗೆ ಕಳೆ, ಮೆಕ್ಕೆಜೋಳಕ್ಕೆ ಗೊಬ್ಬರ, ಶೇಂಗಾ ಬಿಡಿಸುವುದು, ಒಂದಿಲ್ಲೊಂದು ಇದ್ದೇ ಇರುತ್ತದೆ. ಹಡಗಲಿ ಕಡೆಯವರಾದರೆ ಮಲ್ಲಿಗೆ ಮೊಗ್ಗು ಬಿಡಿಸಬೇಕು. ಅದಕ್ಕೆ ಬೆಳಗಿನ ಜಾವವೇ ಏಳಬೇಕು, ಅರಳಿದ ಮೇಲೆ ಕೊಳ್ಳುವವರಿಲ್ಲ. ಭೌಗೋಳಿಕ ಸೂಚಿಕೆ ಪಡೆದ ಆ ಹೂವಿನ ಹೆಸರು ದೊಡ್ಡದು. ಬಿಡಿಸುವ ಬೆರಳುಗಳಲ್ಲಿ ಬಿ.ಎ., ಬಿ.ಕಾಂ. ಓದುವವರದೂ ಸೇರಿರುತ್ತವೆ. ಸರ್ಕಾರ ಹಾಸ್ಟೆಲಿನಲ್ಲಿ ಊಟ ಕೊಟ್ಟಿತು, ಬಸ್ಸು ಕೊಟ್ಟಿತು. ಆ ಬಸ್ಸಿನಲ್ಲೇ ಮನೆಯ ಕೆಲಸವೂ ಅವಳನ್ನು ಹುಡುಕಿಕೊಂಡು ಬಂತು ಎಂದರೆ ಯೋಜನೆಯನ್ನು ಹಳಿದಂತಲ್ಲ. ಅವ್ವನ ಮುಖ ವಾರಕ್ಕೊಮ್ಮೆ ಕಾಣುವುದಕ್ಕೆ ಯಾವ ಹುಡುಗಿಯೂ ಬೇಡ ಅನ್ನುವುದಿಲ್ಲ.

ನಮ್ಮ ಅಜ್ಜಂದಿರ ಕಾಲದ ಬಡ ವಿದ್ಯಾರ್ಥಿಗೆ ಇಂಥ ಶನಿವಾರವೇ ಇರಲಿಲ್ಲ. ವಾರಾನ್ನದ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಐತವಾರವೂ ಒಬ್ಬರ ಅಂಗಳದಲ್ಲಿ ಕಾದು ನಿಲ್ಲಬೇಕು. ಮಠಗಳ ಪ್ರಸಾದ ನಿಲಯಗಳು ಆ ಅಲೆದಾಟ ತಪ್ಪಿಸಿದವು. ದೇವರಾಜ ಅರಸರ ಕಾಲದಲ್ಲಿ, 1977ರಲ್ಲಿ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯಾಯಿತು. ಇಲಾಖೆಯ ಹೆಸರು ಬದಲಾದರೂ ಅದರ ವಿದ್ಯಾರ್ಥಿನಿಲಯ ಜನರ ಬಾಯಲ್ಲಿ ಇಂದಿಗೂ ‘ಬಿಸಿಎಂ ಹಾಸ್ಟೆಲ್’.

ಊರಿಗೆ ಹೋಗದೆ ಉಳಿದ ಹುಡುಗರ ಐತವಾರ ಬೇರೆ. ನಲ್ಲಿ ಮುಂದೆ ಬಕೆಟ್ ಸಾಲು, ಕಟಿಂಗ್ ಶಾಪಿನ ಬೆಂಚು, ಬಯಲಲ್ಲಿ ಟೆನಿಸ್ ಬಾಲಿನ ಕ್ರಿಕೆಟ್. ಲಗ್ನದ ದಿನಗಳಲ್ಲಿ ಕೆಲವರು ಕೇಟರಿಂಗಿಗೆ ಹೋಗುತ್ತಾರೆ. ಬಿಳಿ ಅಂಗಿ ತೊಟ್ಟು ಪಂಕ್ತಿಯಲ್ಲಿ ಹೋಳಿಗೆ, ತುಪ್ಪ ಬಡಿಸಿದರೆ ಕೈಗೆ ದುಡ್ಡು, ಹೊಟ್ಟೆಗೆ ಮದುವೆ ಊಟ. ನಮ್ಮವರೇ ಊಟಕ್ಕೆ ಕೂತರೆ ಹೇಗಪ್ಪ ಎಂಬ ಮುಜುಗರಕ್ಕೆ ದೂರದ ಊರಿನ ಲಗ್ನವನ್ನೇ ಆರಿಸಿಕೊಳ್ಳುವವರೂ ಇದ್ದಾರೆ. ಕೊಟ್ಟೂರು ತೇರಿಗೆ, ಮೈಲಾರದ ಕಾರಣಿಕಕ್ಕೆ ಮಾತ್ರ ದುಡ್ಡು, ನಾಚಿಕೆ ಎರಡನ್ನೂ ಮರೆತು ಹಾಸ್ಟೆಲಿಗೆ ಹಾಸ್ಟೆಲ್ಲೇ ಖಾಲಿ.

ಕಾಂಪಿಟೇಟಿವ್ ಪರೀಕ್ಷೆಗಳೂ ಹೆಚ್ಚಾಗಿ ಐತವಾರವೇ. ಹೊಸಪೇಟೆ ಹಾಸ್ಟೆಲಿನವನಿಗೆ ಸೆಂಟರ್ ಬಳ್ಳಾರಿಗೆ ಬಿದ್ದರೆ ಶನಿವಾರ ಸಂಜೆಯೇ ಹೊರಡಬೇಕು. ಲಾಡ್ಜಿಗೆ ದುಡ್ಡೆಲ್ಲಿ? ಅಲ್ಲಿನ ಹಾಸ್ಟೆಲಿನಲ್ಲಿ ಊರಿನವನೊಬ್ಬ ಇದ್ದೇ ಇರುತ್ತಾನೆ. ಅವನ ಚಾಪೆಯಲ್ಲಿ ಅರ್ಧ ಇವನದು. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾನೆ. ವಾರ್ಡನ್ ಕೇಳಿದರೆ ಉತ್ತರ ತಯಾರಿದೆ: ‘ನಮ್ಮ ಅಣ್ಣ ಸಾರ್, ನಾಳೆ ಎಕ್ಸಾಂ ಐತಿ.’ ಮುಂದಿನ ತಿಂಗಳು ಬಳ್ಳಾರಿಯವನಿಗೆ ಹೊಸಪೇಟೆ ಸೆಂಟರ್ ಬಿದ್ದರೆ ಅಣ್ಣತಮ್ಮ ಅದಲುಬದಲು.