ಕಡಲ ತೀರದ ಸಂಜೆ ಸಂತೆ: ಡಾರ್ವಿನ್ನಿನ ಸಣ್ಣ ಬೆಳೆಗಾರರಿಂದ ಕಲಿಯಬಹುದಾದುದು

ಆಸ್ಟ್ರೇಲಿಯಾ ಎಂದೊಡನೆ ಸಾವಿರಾರು ಎಕರೆಯ ಗೋಧಿ ಹೊಲ ಮತ್ತು ಕುರಿ ಮಂದೆಗಳ ನೆನಪಾಗುವುದು ಸಹಜ. ಆದರೆ ಆ ದೇಶದ ಉತ್ತರ ಭಾಗ ಉಷ್ಣವಲಯಕ್ಕೆ ಸೇರಿದ್ದು, ಅಲ್ಲಿನ ಬೇಸಾಯವೂ ಸಂತೆಯೂ ಬೇರೆ ಬಗೆಯವು. ನಾರ್ದರ್ನ್ ಟೆರಿಟರಿಯ ರಾಜಧಾನಿ ಡಾರ್ವಿನ್ ನಗರವು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 12.5 ಡಿಗ್ರಿ ದೂರದಲ್ಲಿದೆ. ನಮ್ಮ ಬೆಂಗಳೂರು ಉತ್ತರಕ್ಕೆ ಸುಮಾರು 13 ಡಿಗ್ರಿ ದೂರದಲ್ಲಿದೆ. ಆದುದರಿಂದ ಅಲ್ಲಿ ಬೆಳೆಯುವ ಬೆಂಡೆ, ಹಾಗಲ, ಹೀರೆ, ಪರಂಗಿ, ಬಾಳೆ, ಮಾವು ಎಲ್ಲವೂ ನಮಗೆ ಪರಿಚಿತವಾದವೇ. ಋತುಗಳು ಮಾತ್ರ ತಿರುವುಮುರುವು. ಪ್ರವಾಸ ಕಾಲದಲ್ಲಿ ಅಲ್ಲಿನ ಪ್ರಸಿದ್ಧ ಸಂಜೆ ಸಂತೆಯನ್ನು ನೋಡಿದಾಗ ಕಂಡ ಕೆಲವು ಸಂಗತಿಗಳನ್ನೂ, ಅದರ ಹಿಂದಿರುವ ಬೇಸಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಸಂತೆಯ ಕಾಲ ಮತ್ತು ಹೊತ್ತು

ಈ ಸಂತೆ ಸೇರುವುದು ಮಿಂಡಿಲ್ ಎಂಬ ಕಡಲ ತೀರದಲ್ಲಿ. ಇದು ಲರಾಕಿಯಾ ಎಂಬ ಮೂಲನಿವಾಸಿಗಳ ನೆಲ. ಸಂತೆ ಪ್ರಾರಂಭವಾದುದು 1987ರಲ್ಲಿ. ಡಾರ್ವಿನ್ನಿನಲ್ಲಿ ವರ್ಷಕ್ಕೆ ಸುಮಾರು 1,700 ಮಿಲಿಮೀಟರ್ ಮಳೆಯಾಗುತ್ತದೆ. ಇದರ ಬಹುಪಾಲು ನವೆಂಬರಿನಿಂದ ಏಪ್ರಿಲ್‌ವರೆಗೆ ಸುರಿದುಬಿಡುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಆಕಾಶ ನಿರ್ಮಲ, ಗಾಳಿ ಒಣದು. ಆದ್ದರಿಂದ ಸಂತೆಯನ್ನು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ, ವಾರಕ್ಕೆ ಎರಡು ದಿನ, ಗುರುವಾರ ಮತ್ತು ಭಾನುವಾರ ನಡೆಸುತ್ತಾರೆ.

ಸಂಜೆಯನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಹಗಲಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ತೆರೆದ ಬಯಲಿನಲ್ಲಿ ಸೊಪ್ಪು ಬಾಡುತ್ತದೆ, ಕೊಳ್ಳುವವರೂ ಬರುವುದಿಲ್ಲ. ಸಂಜೆಯಾದರೆ ಕೆಲಸ ಮುಗಿಸಿದ ಜನ ಮಕ್ಕಳೊಡನೆ ಬಂದು, ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನೋಡುತ್ತಾ ಮರಳಿನ ಮೇಲೆಯೇ ಕುಳಿತು ಊಟ ಮಾಡುತ್ತಾರೆ. ಕೊಳ್ಳುವವರಿಗೆ ಬಿಡುವಿರುವ ಹೊತ್ತೇ ಮಾರುವವರಿಗೆ ಸಂತೆಯ ಹೊತ್ತು.

ಅಲ್ಲಿ ಮಾರಾಟವಾಗುವುದೇನು?

ಮಿಂಡಿಲ್ ಸಂತೆಯಲ್ಲಿ ಹೆಚ್ಚಾಗಿ ಮಾರಾಟವಾಗುವುದು ಸಿದ್ಧ ಆಹಾರ, ಹಣ್ಣಿನ ರಸ ಹಾಗೂ ಕರಕುಶಲ ವಸ್ತುಗಳು. ಹಸಿ ತರಕಾರಿ ಬೇಕಾದವರು ಅದೇ ನಗರದ ರ‍್ಯಾಪಿಡ್ ಕ್ರೀಕ್ ಎಂಬಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಸಂತೆಗೆ ಹೋಗುತ್ತಾರೆ.

ಉದಾಹರಣೆಗೆ, ಸಂಜೆ ಸಂತೆಯಲ್ಲಿ ಬಹಳ ಬೇಡಿಕೆಯಿರುವ ಒಂದು ತಿನಿಸೆಂದರೆ ಪರಂಗಿ ಕಾಯಿಯ ಕೋಸಂಬರಿ. ಹಸಿರು ಪರಂಗಿ ಕಾಯಿಯನ್ನು ಎಳೆ ಎಳೆಯಾಗಿ ತುರಿದು, ಉದ್ದ ಅಲಸಂದೆಯ ತುಂಡು, ಟೊಮೇಟೊ, ಮೆಣಸಿನಕಾಯಿ, ಕಡಲೆಕಾಯಿ ಬೀಜ ಹಾಕಿ, ಒರಳಿನಲ್ಲಿ ಹಗುರವಾಗಿ ಕುಟ್ಟಿ, ನಿಂಬೆರಸ ಮತ್ತು ಮೀನಿನ ದ್ರಾವಣ ಬೆರೆಸಿ ಕೊಡುತ್ತಾರೆ. ತೂಕದ ಲೆಕ್ಕದಲ್ಲಿ ಅಗ್ಗವಾದ ಕಾಯಿ ಕೊಳ್ಳುವವನ ಕಣ್ಣೆದುರಿಗೇ ತಟ್ಟೆಯ ಲೆಕ್ಕದ ಬೆಲೆ ಪಡೆಯುತ್ತದೆ. ತೋಟದಿಂದ ತಟ್ಟೆಗಿರುವ ದಾರಿ ಎಷ್ಟು ಕಿರಿದಾದರೆ ಅಷ್ಟರಮಟ್ಟಿಗೆ ಹಣ ಊರಿನಲ್ಲಿಯೇ ಉಳಿಯುತ್ತದೆ.

ಬೆಳೆಗಾರರು ಯಾರು?

1880ರ ದಶಕದಲ್ಲಿ ಡಾರ್ವಿನ್ನಿನಲ್ಲಿ ಯೂರೋಪಿಯನ್ನರಿಗಿಂತ ಚೀನೀಯರೇ ಹೆಚ್ಚಾಗಿದ್ದರು. ಊರಿಗೆ ತರಕಾರಿ ಬೆಳೆದುಕೊಟ್ಟವರಲ್ಲಿ ಅವರು ಮುಖ್ಯರು. 1976ರ ಏಪ್ರಿಲ್ 26ರಂದು ವಿಯೆಟ್ನಾಮಿನ ನಿರಾಶ್ರಿತರ ಮೊದಲ ದೋಣಿ ಡಾರ್ವಿನ್ ಬಂದರಿಗೆ ಬಂತು. ಅದರಲ್ಲಿದ್ದವರು ಐವರು. ಇಂದು ಈ ಪ್ರದೇಶದ ತರಕಾರಿ ಬೆಳೆಗಾರರಲ್ಲಿ ಬಹುಮಂದಿ ವಿಯೆಟ್ನಾಂ ಮತ್ತು ಕಾಂಬೋಡಿಯಾ ಮೂಲದವರು. ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಹಂಪ್ಟಿ ಡೂ ಸುತ್ತಮುತ್ತ ಇವರ ಹಿಡುವಳಿಗಳಿವೆ. ನೆಲ ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣನ್ನು ಹೋಲುವ ಕಲ್ಲುಮಿಶ್ರಿತ ಕೆಂಪು ನೆಲ; ಸಾರ ಕಡಿಮೆ. ಕೊಳವೆ ಬಾವಿಯ ನೀರನ್ನು ಹನಿ ನೀರಾವರಿಯಿಂದ ಒದಗಿಸಿ, ಬೆಂಡೆ, ಹಾಗಲ, ಹೀರೆ, ಉದ್ದ ಅಲಸಂದೆ ಬೆಳೆಯುತ್ತಾರೆ.

ಇವರ ಬೆಳೆ ಸ್ಥಳೀಯ ಸಂತೆಗಷ್ಟೇ ಮೀಸಲಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ದಕ್ಷಿಣದ ಸಿಡ್ನಿ, ಮೆಲ್ಬೋರ್ನ್ ನಗರಗಳಲ್ಲಿ ಚಳಿಗಾಲ. ಬೆಂಡೆ, ಹಾಗಲ ಅಲ್ಲಿನ ಬಯಲಿನಲ್ಲಿ ಬೆಳೆಯಲಾರವು. ಅದೇ ಕಾಲದಲ್ಲಿ ಡಾರ್ವಿನ್ನಿನಲ್ಲಿ ಸಮೃದ್ಧ ಬೆಳೆ. ಸಾವಿರಾರು ಕಿಲೋಮೀಟರ್ ಲಾರಿ ಪ್ರಯಾಣದ ಖರ್ಚನ್ನು ಈ ಅಕಾಲದ ಬೆಲೆ ತುಂಬಿಕೊಡುತ್ತದೆ.

ದೊಡ್ಡ ಯೋಜನೆ ಸೋತದ್ದೆಲ್ಲಿ?

ಇದೇ ಹಂಪ್ಟಿ ಡೂ ಪ್ರದೇಶದಲ್ಲಿ 1950ರ ದಶಕದಲ್ಲಿ ಭಾರಿ ಬಂಡವಾಳದ ಭತ್ತದ ಯೋಜನೆಯೊಂದು ಪ್ರಾರಂಭವಾಗಿತ್ತು. ಲಕ್ಷಾಂತರ ಎಕರೆ ಗದ್ದೆ ಮಾಡುವ ಹಂಬಲ. ನೀರಿಗಾಗಿ 1956ರಲ್ಲಿ ಫಾಗ್ ಅಣೆಕಟ್ಟು ಕಟ್ಟಲಾಯಿತು. ಆದರೆ ನೀರಿನ ಹತೋಟಿ ಸಾಧ್ಯವಾಗಲಿಲ್ಲ, ಮಣ್ಣಿನ ಲವಣದ ತೊಂದರೆ ಕಂಡುಬಂತು, ಕಾಡು ಬಾತುಗಳೂ ಇಲಿಗಳೂ ಬೆಳೆ ತಿಂದವು. ಕೆಲವೇ ವರ್ಷಗಳಲ್ಲಿ ಯೋಜನೆ ಕೈಬಿಟ್ಟಿತು. ಇಂದು ಆ ಅಣೆಕಟ್ಟು ಪಕ್ಷಿಗಳ ರಕ್ಷಿತ ತಾಣ. ಬಂಡವಾಳವೊಂದೇ ನೆಲವನ್ನು ಒಲಿಸಿಕೊಳ್ಳಲಾರದೆಂಬುದಕ್ಕೆ ಇದು ನಿದರ್ಶನ. ಋತುವನ್ನೂ ಪೇಟೆಯನ್ನೂ ಅರಿತು, ಹಲವು ಬೆಳೆ ಬೆಳೆದ ಸಣ್ಣ ರೈತರು ಅದೇ ಪ್ರದೇಶದಲ್ಲಿ ನೆಲೆಯೂರಿದರು.

ರೋಗದ ಭೀತಿ

ಆದರೆ ಸಣ್ಣ ರೈತನಿಗೂ ಅಪಾಯ ತಪ್ಪಿದ್ದಲ್ಲ. ಬಾಳೆಯ ಪನಾಮಾ ಸೊರಗು ರೋಗದ ಉಗ್ರ ತಳಿ, ಅಂದರೆ ಉಷ್ಣವಲಯದ 4ನೇ ಪ್ರಭೇದ, 1997ರಲ್ಲಿ ಡಾರ್ವಿನ್ ಬಳಿ ಕಾಣಿಸಿಕೊಂಡು ಅಲ್ಲಿನ ವಾಣಿಜ್ಯ ಬಾಳೆ ಬೇಸಾಯವನ್ನೇ ಕುಗ್ಗಿಸಿತು. 2013ರಲ್ಲಿ ಬಾಳೆಗೆ ಚುಕ್ಕೆ ರೋಗ ಬಂದಾಗ, ಅದನ್ನು ನಿರ್ಮೂಲ ಮಾಡಲು ಗೊತ್ತುಪಡಿಸಿದ ವಲಯಗಳಲ್ಲಿ ಹಿತ್ತಿಲ ಗಿಡಗಳನ್ನೂ ಬಿಡದೆ ಬಾಳೆಯನ್ನೆಲ್ಲಾ ಕಡಿಯಬೇಕಾಯಿತು. 2022ರಲ್ಲಿ ಆ ರೋಗ ಮತ್ತೆ ಪತ್ತೆಯಾಯಿತು.

ಉದ್ದ ಅಲಸಂದೆಗೂ ಮಣ್ಣಿನಿಂದ ಹರಡುವ ಸೊರಗು ರೋಗ ತಗುಲಿತು. ಇದಕ್ಕೆ ಅಲ್ಲಿನ ಕೃಷಿ ಇಲಾಖೆ ಒಂದು ಸರಳ ಉಪಾಯ ಕಂಡುಹಿಡಿಯಿತು. ಕಾಳಿಗೆ ಬೆಳೆಯುವ ಅಲಸಂದೆಯ ರೋಗ ನಿರೋಧಕ ತಳಿಯ ಸಸಿಯ ಮೇಲೆ ಉದ್ದ ಅಲಸಂದೆಯ ಕುಡಿಯನ್ನು ಕಸಿ ಮಾಡುವುದೇ ಆ ವಿಧಾನ. ಎರಡೂ ಒಂದೇ ಸಸ್ಯಜಾತಿಯವಾದುದರಿಂದ ಕಸಿ ಚೆನ್ನಾಗಿ ಕೂಡುತ್ತದೆ. ಬೇರು ರೋಗವನ್ನು ತಡೆದುಕೊಳ್ಳುತ್ತದೆ; ಕುಡಿ ಪೇಟೆಗೆ ಬೇಕಾದ ಕಾಯಿ ಕೊಡುತ್ತದೆ.

ನಮ್ಮ ರೈತರು ಗಮನಿಸಬೇಕಾದ ಅಂಶಗಳು

1. ಬಿತ್ತುವ ಮುನ್ನವೇ ಮಾರುವ ತಿಂಗಳನ್ನು ನಿರ್ಧರಿಸಬೇಕು. ಎಲ್ಲರ ಬೆಳೆಯೂ ಒಟ್ಟಿಗೆ ಬಂದಾಗ ಸಿಗುವ ಬೆಲೆಗಿಂತ ಇತರರ ಬೆಳೆ ಇಲ್ಲದಿದ್ದಾಗ ಸಿಗುವ ಬೆಲೆ ಮೇಲು.

2. ಪಟ್ಟಣದ ಸಮೀಪದ ರೈತರು ನಾಲ್ಕಾರು ಮಂದಿ ಒಟ್ಟುಗೂಡಿ, ಜನರಿಗೆ ಅನುಕೂಲವಾದ ಸಂಜೆಯ ಹೊತ್ತಿನಲ್ಲಿ ನೇರ ಮಾರಾಟ ಮಾಡಿ ನೋಡಬಹುದು. ನಿಗದಿಯಾದ ದಿನ, ನಿಗದಿಯಾದ ಸ್ಥಳ ತಪ್ಪಬಾರದು. ಕೊಳ್ಳುವವರ ನಂಬಿಕೆ ಬೆಳೆಯುವುದು ಇದರಿಂದಲೇ.

3. ಇಡೀ ಫಸಲನ್ನು ಒಂದೇ ಪೇಟೆಗೆ ಒಪ್ಪಿಸಬಾರದು. ಸಂತೆ ದಿನದ ಖರ್ಚಿಗೆ, ದೂರದ ಪೇಟೆ ಹೆಚ್ಚುವರಿ ಫಸಲಿಗೆ.

4. ಬಾಳೆಯ ಕಂದುಗಳನ್ನು ಗೊತ್ತಿಲ್ಲದ ತೋಟಗಳಿಂದ ತರಬಾರದು. ಡಾರ್ವಿನ್ನಿನ ಬಾಳೆಯನ್ನು ಕಾಡಿದ 4ನೇ ಪ್ರಭೇದ ನಮ್ಮ ದೇಶದ ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿಯೂ ಕಂಡುಬಂದಿದೆ. ರೋಗರಹಿತವೆಂದು ಪರೀಕ್ಷಿಸಿದ ಅಂಗಾಂಶ ಕೃಷಿಯ ಸಸಿಗಳನ್ನೇ ನೆಡಬೇಕು. ಬೇರೆ ತೋಟದಲ್ಲಿ ಬಳಸಿದ ಗುದ್ದಲಿ, ನೇಗಿಲು, ಟ್ರಾಕ್ಟರುಗಳ ಮಣ್ಣನ್ನು ತೊಳೆದೇ ಒಳಗೆ ಬಿಡಬೇಕು. ಒಮ್ಮೆ ಮಣ್ಣು ಸೇರಿದ ಈ ಶಿಲೀಂಧ್ರ ದಶಕಗಳ ಕಾಲ ಉಳಿಯುತ್ತದೆ. ಯಾವ ಔಷಧಿಯೂ ಅದನ್ನು ಪೂರ್ತಿ ತೆಗೆಯಲಾರದು.

ಅಲ್ಲಿನ ಸಂತೆಯ ದೀಪಗಳನ್ನೂ ಜನಸಂದಣಿಯನ್ನೂ ನಾವು ಅನುಕರಿಸಬೇಕಾಗಿಲ್ಲ. ಅದರ ಹಿಂದಿರುವ ಲೆಕ್ಕಾಚಾರ, ಅಂದರೆ ಕಾಲ ನೋಡಿ ಬಿತ್ತುವುದು, ಹೊತ್ತು ನೋಡಿ ಮಾರುವುದು, ರೋಗ ಬರುವ ಮುನ್ನ ಎಚ್ಚರವಹಿಸುವುದು, ಎರಡು ಎಕರೆಯ ರೈತನಿಗೂ ಸಾಧ್ಯವಾದದ್ದು.