ಸಹಿ ಹಿಂಪಡೆದರೆ ಕಂಪನಿಯ ಮೇಲಿನ ದೂರು ಮುಗಿಯುವುದೇ?

ದಾವಣಗೆರೆ: ಚನ್ನಗಿರಿಯ ಅಡಿಕೆ, ಹೊನ್ನಾಳಿ-ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಬೆಳೆಗಾರರಿಗೆ ಸೊಸೈಟಿ ಎಂಬುದು ಹಳೆಯ ಪರಿಚಯ. ಅಲ್ಲಿ ತಕರಾರು ಎದ್ದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬಹುದೆಂಬುದೂ ಬಹುಮಂದಿಗೆ ತಿಳಿದಿದೆ. ಆದರೆ ರೈತ ಉತ್ಪಾದಕ ಕಂಪನಿಯ ಷೇರು ಕೊಂಡವರು ಸಂಘದ ಸದಸ್ಯರಲ್ಲ, ಕಂಪನಿಯ ಷೇರುದಾರರು. ಅವರಿಗೆ ಅನ್ವಯಿಸುವ ಕಾಯ್ದೆಯೇ ಬೇರೆ.

ಇಂತಹ ಒಂದು ಕಂಪನಿಯ ನಿರ್ದೇಶಕರು ಗೊಬ್ಬರ ಖರೀದಿಯಲ್ಲಿ ಕಂಪನಿಗೆ ನಷ್ಟ ಉಂಟುಮಾಡಿದ್ದಾರೆಂದು ನೂರು ಮಂದಿ ಸಹಿ ಹಾಕಿ ದೂರಿದರು ಎಂದಿಟ್ಟುಕೊಳ್ಳೋಣ. ವಾರ ಕಳೆಯುವುದರೊಳಗೆ ನೆಂಟರು, ಊರಿನ ಹಿರಿಯರು ನಡುವೆ ಬರುತ್ತಾರೆ. ‘ನಮ್ಮ ನಮ್ಮಲ್ಲೇ ಕೋರ್ಟು ಕಚೇರಿ ಏಕೆ’ ಎಂಬ ಮಾತು ಹುಟ್ಟುತ್ತದೆ. ಮೂವತ್ತು ಮಂದಿ ಸಹಿ ವಾಪಸು ಪಡೆಯುತ್ತಾರೆ. ಆಗ ಉಳಿದ ಎಪ್ಪತ್ತು ಮಂದಿಯ ದೂರಿನ ಗತಿಯೇನು?

ಉತ್ತರ ತಿಳಿಯಬೇಕಾದರೆ ದೂರು ಯಾರದೆಂಬುದನ್ನು ಮೊದಲು ಗುರುತಿಸಬೇಕು. ನಷ್ಟವಾದದ್ದು ಕಂಪನಿಗೆ, ಆದ್ದರಿಂದ ದಾವೆ ಹೂಡಬೇಕಾದದ್ದೂ ಕಂಪನಿಯೇ. 1843ರಲ್ಲಿ ಇಂಗ್ಲೆಂಡಿನ ಫಾಸ್ ವಿರುದ್ಧ ಹಾರ್ಬಾಟಲ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು ಇದನ್ನೇ. ಆದರೆ ತಪ್ಪು ಮಾಡಿದವರ ಕೈಯಲ್ಲೇ ಕಂಪನಿಯ ಆಡಳಿತವಿದ್ದರೆ ಅವರು ತಮ್ಮ ಮೇಲೆ ತಾವೇ ದಾವೆ ಹೂಡುವರೇ? ಈ ಇಕ್ಕಟ್ಟಿಗೆ ಪರಿಹಾರವಾಗಿ ಬೆಳೆದದ್ದು ಡೆರಿವೇಟಿವ್ ದಾವೆ, ಅಂದರೆ ಕಂಪನಿಯ ಹಕ್ಕಿಗಾಗಿ ಷೇರುದಾರರು ಹೂಡುವ ದಾವೆ. ಗೆದ್ದರೆ ಹಣ ಸೇರುವುದು ಕಂಪನಿಯ ಖಾತೆಗೆ, ದಾವೆದಾರರ ಜೇಬಿಗಲ್ಲ. ಇಂತಹ ದಾವೆಯನ್ನು ಒಬ್ಬಿಬ್ಬರು ತಮ್ಮಿಷ್ಟಕ್ಕೆ ಕೈಬಿಡಲು ಕಾನೂನು ಸುಲಭವಾಗಿ ಬಿಡದಿರುವುದಕ್ಕೆ ಕಾರಣವೂ ಇದೇ.

ದಾವೆಗೆ ಮುನ್ನ ‘ನೀವೇ ಕ್ರಮ ಕೈಗೊಳ್ಳಿ’ ಎಂದು ಆಡಳಿತ ಮಂಡಳಿಗೆ ಬೇಡಿಕೆ ಪತ್ರ ಕೊಡುವ ಕ್ರಮ ಅಮೆರಿಕದಲ್ಲಿ ಕಟ್ಟುನಿಟ್ಟಾಗಿದೆ. ಅಲ್ಲಿನ ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ಸ್ಪೀಗಲ್ ವಿರುದ್ಧ ಬಂಟ್ರಾಕ್ ಪ್ರಕರಣದಲ್ಲಿ ನೀಡಿದ ತೀರ್ಪಿನಂತೆ, ಬೇಡಿಕೆ ಸಲ್ಲಿಸಿದವರು ಮಂಡಳಿಯ ಬಹುಮತ ಸ್ವತಂತ್ರವಾಗಿದೆ ಎಂಬುದನ್ನು ಒಪ್ಪಿಕೊಂಡಂತೆಯೇ. ‘ಮಂಡಳಿಯನ್ನು ಕೇಳಿ ಫಲವಿರಲಿಲ್ಲ’ ಎಂಬ ವಾದ ಆಮೇಲೆ ನಡೆಯುವುದಿಲ್ಲ. ಭಾರತದ 2013ರ ಕಂಪನಿ ಕಾಯ್ದೆಯಲ್ಲಿ ಇಂತಹ ಷರತ್ತಿಲ್ಲ. ಡೆರಿವೇಟಿವ್ ದಾವೆಗೆಂದು ಪ್ರತ್ಯೇಕ ಕಲಮೂ ಇಲ್ಲ. ಹೀಗಾಗಿ ಇಲ್ಲಿ ಮಂಡಳಿಗೆ ಕೊಟ್ಟ ಪತ್ರವನ್ನು ದೂರುದಾರರು ಹಿಂಪಡೆಯಬಹುದು. ಆದರೆ ‘ತೃಪ್ತಿಯಾಗಿದೆ’ ಎಂದು ಬರೆದುಕೊಟ್ಟರೆ ಆ ಕಾಗದವೇ ನಾಳೆ ಎದುರಾಳಿಯ ಕೈಗೆ ಸಾಕ್ಷ್ಯವಾಗಿ ಸಿಗುತ್ತದೆ.

ನಮ್ಮಲ್ಲಿ ಷೇರುದಾರರು ಹೆಚ್ಚಾಗಿ ಆಶ್ರಯಿಸುವುದು ದಬ್ಬಾಳಿಕೆ ಮತ್ತು ದುರಾಡಳಿತದ ವಿರುದ್ಧದ 241ನೇ ಕಲಮನ್ನು. 244ನೇ ಕಲಮಿನ ಪ್ರಕಾರ ಷೇರು ಬಂಡವಾಳವಿರುವ ಕಂಪನಿಯಲ್ಲಿ ನೂರು ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಬೇಕು. ಇಲ್ಲವೇ ಬಂಡವಾಳದ ಹತ್ತನೇ ಒಂದು ಭಾಗ ಹೊಂದಿದವರಾದರೂ ಆಗಬಹುದು. ಎಲ್ಲರ ಲಿಖಿತ ಒಪ್ಪಿಗೆ ಪಡೆದು ಒಬ್ಬರೇ ಅರ್ಜಿ ಹಾಕಲೂ ಅವಕಾಶವಿದೆ. ರಾಜಿಯ ಒತ್ತಡ ಬೀಳುವುದು ಒಪ್ಪಿಗೆ ಕೊಟ್ಟ ಈ ಜನರ ಮೇಲೆಯೇ.

ಸಹಿ ವಾಪಸಿನ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1956ರಷ್ಟು ಹಿಂದೆಯೇ ಉತ್ತರ ಕೊಟ್ಟಿದೆ. ರಾಜಮಂಡ್ರಿ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ ಪ್ರಕರಣದಲ್ಲಿ ಒಪ್ಪಿಗೆ ಕೊಟ್ಟಿದ್ದ ಕೆಲವರು ಅನಂತರ ಹಿಂದೆ ಸರಿದಿದ್ದರು. ಸಂಖ್ಯೆ ಕಡಿಮೆಯಾಯಿತು, ಅರ್ಜಿ ಬಿದ್ದುಹೋಯಿತು ಎಂಬುದು ಕಂಪನಿಯ ವಾದವಾಗಿತ್ತು. ನ್ಯಾಯಾಲಯ ಒಪ್ಪಲಿಲ್ಲ. ಅರ್ಜಿ ಸಲ್ಲಿಸಿದ ದಿನ ಸಂಖ್ಯೆ ಸರಿಯಿತ್ತೇ ಎಂಬುದಷ್ಟೇ ಮುಖ್ಯ, ಆ ಬಳಿಕ ನಡೆದದ್ದರಿಂದ ಅರ್ಜಿ ಅಸಿಂಧುವಾಗದು ಎಂದಿತು. ಅಂದರೆ ಸಹಿ ಹಾಕಿದವರ ಮನೆಮನೆಗೆ ಅಲೆದು ವಾಪಸಾತಿ ಪತ್ರ ಸಂಗ್ರಹಿಸುವುದರಿಂದ ನಿರ್ದೇಶಕರು ಪಾರಾಗಲಾರರು. ಆದರೆ ಅರ್ಜಿ ದಾಖಲಾಗುವ ಮುನ್ನವೇ ಸಹಿ ಹಿಂದೆ ಹೋದರೆ ಲೆಕ್ಕ ಬೇರೆ.

ಅರ್ಜಿದಾರರೇ ಮನಸ್ಸು ಬದಲಿಸಿದರೆ? ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ 2016ರ ನಿಯಮಾವಳಿಯ 82ನೇ ನಿಯಮ ಸ್ಪಷ್ಟವಾಗಿದೆ: ನ್ಯಾಯಮಂಡಳಿಯ ಅನುಮತಿ ಇಲ್ಲದೆ 241ನೇ ಕಲಮಿನ ಅರ್ಜಿ ಹಿಂಪಡೆಯುವಂತಿಲ್ಲ. ಸಿವಿಲ್ ನ್ಯಾಯಾಲಯದ ಪ್ರಾತಿನಿಧಿಕ ದಾವೆಗಳಲ್ಲೂ ಇದೇ ಎಚ್ಚರವಿದೆ. ದಾವೆ ಕೈಬಿಡುವ ಮುನ್ನ ಹಿತಾಸಕ್ತಿ ಉಳ್ಳ ಎಲ್ಲರಿಗೂ ನೋಟಿಸ್ ಹೋಗಬೇಕು, ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಮತ್ತೆ ದಾವೆ ಹೂಡುವ ಸ್ವಾತಂತ್ರ್ಯವನ್ನು ಕೇಳಿ ಪಡೆಯದೆ ದಾವೆ ಹಿಂಪಡೆದವರು ಅದೇ ವಿಷಯಕ್ಕೆ ಮತ್ತೆ ಬರುವಂತಿಲ್ಲ. ಸ್ವಾತಂತ್ರ್ಯ ಸಿಕ್ಕರೂ ಕಾಲಮಿತಿಯ ಗಡಿಯಾರ ನಿಲ್ಲುವುದಿಲ್ಲ.

ಹಿಂಪಡೆತದ ಹೆಸರಾಂತ ಕನ್ನಡನಾಡಿನ ನಿದರ್ಶನ ಇನ್ಫೋಸಿಸ್‌ನದು. ಅನಾಮಧೇಯ ದೂರುಗಳ ಬಳಿಕ 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಷೇರುದಾರರ ಸಾಮೂಹಿಕ ದಾವೆ ದಾಖಲಾಯಿತು. 2020ರ ಮೇ ತಿಂಗಳಲ್ಲಿ ದಾವೆದಾರರೇ ಅದನ್ನು ಹಿಂಪಡೆದರು. ಮತ್ತೆ ದಾವೆ ಹೂಡುವ ಹಕ್ಕು ಉಳಿಯುವಂತೆ ಪ್ರಕರಣ ವಜಾ ಆಯಿತು. ಅದು ಷೇರುದಾರರು ತಮ್ಮ ಸ್ವಂತ ನಷ್ಟಕ್ಕೆ ಹೂಡಿದ್ದ ದಾವೆ, ಡೆರಿವೇಟಿವ್ ಅಲ್ಲ ಎಂಬ ವ್ಯತ್ಯಾಸ ನೆನಪಿರಬೇಕು.

ಮತ್ತೆ ಚನ್ನಗಿರಿ, ಜಗಳೂರಿನ ರೈತರ ಕಡೆಗೆ ಬಂದರೆ, ಉತ್ಪಾದಕ ಕಂಪನಿಗಳ ಅಧ್ಯಾಯವು 2020ರ ತಿದ್ದುಪಡಿಯಿಂದ ಈಗಿನ ಕಾಯ್ದೆಯನ್ನು ಸೇರಿದೆ. ಸದಸ್ಯರಿಗೂ ಆಡಳಿತ ಮಂಡಳಿಗೂ ನಡುವೆ ಏಳುವ ಆಡಳಿತ, ವ್ಯವಹಾರದ ವಿವಾದಗಳನ್ನು 1996ರ ಕಾಯ್ದೆಯಂತೆ ಸಂಧಾನ ಅಥವಾ ಮಧ್ಯಸ್ಥಿಕೆಯ ಮೂಲಕ ಬಗೆಹರಿಸಬೇಕೆಂದು ಅದರ 378ಝಡ್‌ಓ ಕಲಮು ಹೇಳುತ್ತದೆ. ಊರಿನ ಪಂಚಾಯಿತಿಕೆಗೆ ಒಗ್ಗಿದವರಿಗೆ ಇದು ಹತ್ತಿರದ ದಾರಿ ಎನಿಸಬಹುದು. ಆದರೆ ಇಲ್ಲೂ ಒಂದು ತಡೆಯಿದೆ. ದೂರುದಾರರು ಹಕ್ಕೊತ್ತಾಯ ಕೈಬಿಟ್ಟರೂ ಎದುರು ಪಕ್ಷ ಆಕ್ಷೇಪಿಸಿ, ಅಂತಿಮ ತೀರ್ಮಾನ ಪಡೆಯುವುದರಲ್ಲಿ ಅದಕ್ಕೆ ನ್ಯಾಯಯುತ ಹಿತಾಸಕ್ತಿ ಇದೆ ಎಂದು ಮಧ್ಯಸ್ಥಗಾರರಿಗೆ ಮನವರಿಕೆಯಾದರೆ, ವಿಚಾರಣೆ ಮುಂದುವರಿಯುತ್ತದೆ.